ಲೊಚಗುಟ್ಟುವ ಮೀನು

“ಮಾವ, ನಿನ್ನೆ ರಾತ್ರಿ ಆರು ಮೀನು ಬಿಟ್ಟಿದ್ದೆ. ಈಗ ನೋಡಿದ್ರೆ ಒಂದೂ ಇಲ್ಲ.”

ಭಾನುವಾರ ಬೆಳಿಗ್ಗೆ ಏಳೂವರೆಗೆ ಅಕ್ಕನ ಮಗಳ ಫೋನು. ಹಿಂದಿನಿಂದ ಅಕ್ಕನ ದನಿಯೂ ಕೇಳುತ್ತಿತ್ತು: “ಬೆಕ್ಕು ಬಂದಿತ್ತಾ ಏನೋ, ಕೇಳು ಅವನನ್ನ.” ಬೆಕ್ಕು ಮೂರನೇ ಮಹಡಿ ಹತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಆರು ಮೀನು ತಿಂದು, ಮುಚ್ಚಳ ಮತ್ತೆ ಹಾಕಿಟ್ಟು ಹೋಗಿರಲಾರದು ಎಂದೆ. ಯಾವ ಮೀನು ತಂದಿದ್ದು ಎಂದು ಕೇಳಿದೆ. ಜೀಬ್ರಾ ಲೋಚ್ ಎಂದಳು.

ಹಾಗಾದರೆ ಸರಿಯೇ ಇದೆ. ಲೋಚ್ ಬಿಟ್ಟ ಮರುದಿನ ಅದು ಎದುರಿಗೇ ತಿರುಗಾಡುತ್ತಿದ್ದರೆ, ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ, ಆಗ ಗಾಬರಿ ಬೀಳಬೇಕು. ಕಾಣಿಸದೇ ಇದ್ದರೆ ಅದು ತನ್ನ ಕೆಲಸ ತಾನು ಮಾಡುತ್ತಿದೆ ಎಂದರ್ಥ. ಲೈಟ್ ಹಾಕಬೇಡ, ಕಲ್ಲು ಎತ್ತಿ ಹುಡುಕಬೇಡ, ತಿಂಡಿ ತಿಂದು ಬರ್ತೇನೆ ಎಂದೆ. “ಆಗ್ಲೇ ಎರಡು ಕಲ್ಲು ಎತ್ತಿಯಾಯ್ತು” ಎಂದಳು.

ಅಕ್ವೇರಿಯಂ ಇಟ್ಟವರೆಲ್ಲ ಒಂದಲ್ಲ ಒಂದು ದಿನ ಲೋಚ್‌ಗೆ ಮರುಳಾಗುತ್ತಾರೆ. ಗಪ್ಪಿ, ಮೋಲಿ, ಗೋಲ್ಡ್‌ಫಿಶ್ ಎಲ್ಲ ಆದಮೇಲೆ, ಟ್ಯಾಂಕಿನ ತಳದಲ್ಲಿ ಮೀಸೆ ಆಡಿಸುತ್ತ ಮರಳು ಕೆದಕುವ ಇದನ್ನು ಅಂಗಡಿಯಲ್ಲಿ ಕಂಡರೆ ಮನಸ್ಸು ಜಾರುತ್ತದೆ. ಮನೆಗೆ ತಂದ ಮೇಲೆ ಅರ್ಧಕ್ಕರ್ಧ ಜನರ ಕಥೆ ಹದಿನೈದು ದಿನದಲ್ಲೇ ಮುಗಿಯುತ್ತದೆ. ಮೀನು ಸೂಕ್ಷ್ಮ ಎಂದು ಬೈಯುತ್ತಾರೆ. ಸೂಕ್ಷ್ಮ ಹೌದು. ಆದರೆ ಅದನ್ನು ಕೊಲ್ಲುವುದು ಬಹುಪಾಲು ನಮ್ಮ ಅಕ್ಕರೆ: ನೋಡಬೇಕು, ತೋರಿಸಬೇಕು, ತಿನ್ನಿಸಬೇಕು, ಔಷಧಿ ಹಾಕಬೇಕು ಎಂಬ ಅವಸರ.

ಅಕ್ಕನ ಮಗಳು ತಂದ ಮೀನಿನ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಅದು ಪರದೇಶಿಯಲ್ಲ. ಬೆರಳುದ್ದದ ಮೀನು, ಎಂಟು ಸೆಂಟಿಮೀಟರ್ ಆಸುಪಾಸಿಗೆ ಬೆಳೆದು ನಿಲ್ಲುತ್ತದೆ. ಮೂತಿಯಿಂದ ಬಾಲದ ತನಕ ತೆಳ್ಳನೆ ಪಟ್ಟೆಗಳು, ಒತ್ತೊತ್ತಾಗಿ, ಕಂಬಳಿಯ ಅಂಚಿನ ಹಾಗೆ. ಹೊಟ್ಟೆ ಚಪ್ಪಟೆ, ಬಾಯಿ ಕೆಳಮುಖ, ಬಾಯಿಯ ಸುತ್ತ ಮೀಸೆ. ಶಾಸ್ತ್ರೀಯ ಹೆಸರು ಬೋಟಿಯಾ ಸ್ಟ್ರಯಾಟಾ. ಈ ಹೆಸರಿಟ್ಟು ಇದನ್ನು ಮೊದಲು ಲೋಕಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್, 1920ರಲ್ಲಿ. ಮೀನು ಸಿಕ್ಕಿದ್ದು ಶಿವಮೊಗ್ಗದ ತುಂಗಾ ನದಿಯಲ್ಲಿ. ಮುಂದೆ 1932ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆ ಶುರುವಾದಾಗ ಅದರ ಮೊದಲ ಸಂಪಾದಕರಾದವರು ಇವರೇ. ಕಪ್ಪೆಗಳ ಬಗ್ಗೆಯೂ ದೊಡ್ಡ ಕೆಲಸ ಮಾಡಿದರು. ಘಟ್ಟದ ಪೊದೆಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟಿದ್ದು ಇವರ ನೆನಪಿಗೆ.

ನಮ್ಮ ಅಕ್ಕ ತೀರ್ಥಹಳ್ಳಿಯವಳು; ತುಂಗೆಯ ದಡದಲ್ಲಿ ಬಟ್ಟೆ ಒಗೆದು ಬೆಳೆದವಳು. ಮಗಳು ಬೆಂಗಳೂರಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದು ನಮ್ಮೂರ ಹೊಳೆಯ ಬಳಗದ ಮೀನು ಎಂದಾಗ ಅವಳಿಗೆ ನಂಬಿಕೆ ಬರಲಿಲ್ಲ. “ಹೊಳೇಲಿ ಇಂಥದ್ದು ಎಂತದೂ ನೋಡ್ಲಿಲ್ಲಪ್ಪ ನಾವು” ಎಂದಳು. ನೋಡದೇ ಇದ್ದದ್ದು ಸಹಜ. ಶೃಂಗೇರಿಯ ಮೆಟ್ಟಿಲಲ್ಲಿ ಮಂಡಕ್ಕಿ ಎರಚಿದರೆ ಮೇಲೆ ಬಂದು ಮೈ ತೋರಿಸುವ ದೊಡ್ಡ ಮೀನುಗಳನ್ನು ಎಲ್ಲರೂ ನೋಡಿದ್ದೇವೆ. ಕಲ್ಲಿನಡಿಯ ಮೀನು ಯಾರಿಗೂ ಮೈ ತೋರಿಸುವುದಿಲ್ಲ, ಅದರ ಬದುಕೇ ಹಾಗೆ.

ಅದಕ್ಕೆ ಅಲ್ಲಿ ಶತ್ರುಗಳು ಮೇಲಿನಿಂದ ಬರುತ್ತಾರೆ. ಮಿಂಚುಳ್ಳಿ, ನೀರುಕಾಗೆ, ಕೊಕ್ಕರೆ. ನೆರಳು ಬಿದ್ದ ತಕ್ಷಣ ಸಂದಿಗೆ ನುಗ್ಗಿದ ಮೀನು ಉಳಿಯಿತು, ತಡ ಮಾಡಿದ್ದು ಹೋಯಿತು. ಟ್ಯಾಂಕಿನ ಮುಂದೆ ಬಗ್ಗಿದ ನಮ್ಮ ಮುಖ, ಮೇಲಿನಿಂದ ಇಳಿದ ನಮ್ಮ ಕೈ ಎರಡೂ ಅದಕ್ಕೆ ಹಕ್ಕಿಯೇ. ಮೀನಿಗೆ ರೆಪ್ಪೆಯಿಲ್ಲ, ಕತ್ತಲಲ್ಲಿದ್ದಾಗ ಫಕ್ಕನೆ ಟ್ಯೂಬ್‌ಲೈಟ್ ಹಾಕಿದರೆ ಕಣ್ಣು ಮುಚ್ಚಿಕೊಳ್ಳುವ ಅನುಕೂಲವೂ ಅದಕ್ಕಿಲ್ಲ. ಮೈಯ ಎರಡೂ ಬದಿಯಲ್ಲಿ ನೀರಿನ ಕಂಪನ ಹಿಡಿಯುವ ಗೆರೆಯಿದೆ, ಗಾಜಿಗೆ ಬೆರಳಲ್ಲಿ ಟಕಟಕ ಬಡಿದರೆ ಅದು ಇಡೀ ಮೈಗೆ ತಾಗುತ್ತದೆ.

ಹತ್ತು ಗಂಟೆಗೆ ಹೋಗಿ ನೋಡಿದೆ. ಮೂರಡಿ ಟ್ಯಾಂಕು. ತಳದಲ್ಲಿ ಬಿಳಿ ಮಾರ್ಬಲ್ ಚೂರು, ಹಿಂದೆ ನೀಲಿ ಸಮುದ್ರದ ಚಿತ್ರ, ಗುಳ್ಳೆ ಬಿಟ್ಟಾಗ ಬಾಯಿ ತೆರೆಯುವ ಪ್ಲಾಸ್ಟಿಕ್ ಮೊಸಳೆ, ತಲೆಯ ಮೇಲೆ ಮದುವೆ ಮಂಟಪದಷ್ಟು ಎಲ್‌ಇಡಿ. ಈ ಬೆಳಕಿನಲ್ಲಿ ನನಗೇ ಎಲ್ಲಾದರೂ ಅಡಗಿಕೊಳ್ಳಬೇಕು ಅನ್ನಿಸಿತು. ಎಂಟು ಡೇನಿಯೊ ಮೀನು ಮೇಲೆ ಓಡಾಡುತ್ತಿದ್ದವು. ಲೋಚ್ ಇಲ್ಲ. ಲೈಟ್ ಆರಿಸಿ, ಕಿಟಕಿ ಪರದೆ ಎಳೆದು, ಹತ್ತು ನಿಮಿಷ ಕೂತು, ಆಮೇಲೆ ಮೊಬೈಲಿನ ಬೆಳಕನ್ನು ಅಂಗೈಯಲ್ಲಿ ಮುಚ್ಚಿ ಬೆರಳ ಸಂದಿಯಿಂದ ಬಿಟ್ಟು ನೋಡಿದೆ. ಮೂಲೆಯ ಸ್ಪಾಂಜ್ ಫಿಲ್ಟರಿಗೂ ಗಾಜಿಗೂ ನಡುವೆ ಎರಡು ಬೆರಳಿನ ಸಂದಿ. ಅದರೊಳಗೆ ಆರೂ ಇದ್ದವು, ಸೌದೆ ಒಟ್ಟಿದ ಹಾಗೆ ಒಂದರ ಮೇಲೊಂದು. ಪಟ್ಟೆಗಳು ಮಾಸಿ, ಒದ್ದೆ ಗೋಣಿಯ ಬಣ್ಣ ಬಂದಿತ್ತು. ಕೆಳಗಿನದೊಂದು ಪಕ್ಕಕ್ಕೆ ಮಲಗಿತ್ತು.

“ಅದು ಸತ್ತಿದೆ ಕಣೋ, ತೆಗೆದುಬಿಡು” ಎಂದಳು ಅಕ್ಕ.

ತಾಳು ಎಂದೆ. ಕಿವಿರು ನೋಡಬೇಕು. ಅರ್ಧ ನಿಮಿಷ ದಿಟ್ಟಿಸಿದ ಮೇಲೆ ಕಿವಿರಿನ ಮುಚ್ಚಳ ಮಿಸುಕಿತು, ಮತ್ತೆ ಮಿಸುಕಿತು, ಒಂದೇ ಲಯದಲ್ಲಿ. ಪಕ್ಕಕ್ಕೆ ಮಲಗುವುದು ಈ ಬಳಗದ ಚಾಳಿ. ಕ್ಲೌನ್ ಲೋಚ್ ಅಂತೂ ಅಂಗಾತ ಬಿದ್ದು ನಿದ್ದೆ ಮಾಡುತ್ತದೆ. ಸತ್ತಿತೆಂದು ಬಲೆ ಹಾಕಿದವರ ಕೈಯಿಂದ ಎದ್ದು ಓಡಿದ ಕಥೆ ಸಾಕುವವರೆಲ್ಲರ ಬಳಿಯೂ ಒಂದೊಂದಿದೆ.

ಮಲೆನಾಡಿನವಳಾದ ಅಕ್ಕನಿಗೆ ಮೀನಿನ ಭಾಷೆಯಲ್ಲಿ ಹೇಳಿದರೆ ತಿಳಿಯದು, ಗದ್ದೆಯ ಭಾಷೆಯಲ್ಲಿ ಹೇಳಿದೆ. ನಾಟಿ ಮಾಡಿದ ಸಸಿ ಮೊದಲ ನಾಲ್ಕೈದು ದಿನ ಹೇಗಿರುತ್ತದೆ? ಹಳದಿ ತಿರುಗಿ, ತಲೆ ಬಗ್ಗಿಸಿ, ಹೋಯಿತೇನೋ ಅನ್ನುವ ಹಾಗೆ. ಆಗ ಯಾರಾದರೂ ಬೇರು ಕಚ್ಚಿದೆಯಾ ಎಂದು ಕಿತ್ತು ನೋಡುತ್ತಾರಾ? ಇದೂ ಹಾಗೇ. ಬೇರು ಕಚ್ಚಿದ ಮೇಲೆ ಬಣ್ಣ ತಾನೇ ಬರುತ್ತದೆ. ಅವಳು ಮಗಳ ಕಡೆ ತಿರುಗಿ, “ಕಲ್ಲು ಎತ್ತಿ ನೋಡಿದ್ದೆ ಅಲ್ದಾ ನೀನು” ಎಂದಳು.

ಅಡಗುವುದಕ್ಕೆ ಜಾಗ ಹೆಚ್ಚಿದ್ದಷ್ಟೂ ಲೋಚ್ ಹೊರಗೆ ಹೆಚ್ಚು ಕಾಣಿಸುತ್ತದೆ. ಹೊಸಬರಿಗೆ ಇದು ಉಲ್ಟಾ ಅನ್ನಿಸುತ್ತದೆ. ಅಡಗುತಾಣ ಇಟ್ಟರೆ ಸದಾ ಅಲ್ಲೇ ಇರುತ್ತದೆ, ತೆಗೆದುಬಿಟ್ಟರೆ ಕಣ್ಣೆದುರು ಇರುತ್ತದೆ ಎಂದು ಬೋಳು ಟ್ಯಾಂಕಿಗೆ ಬಿಡುತ್ತಾರೆ. ಬೋಳು ಟ್ಯಾಂಕಿನಲ್ಲಿ ಮೀನು ಮೂಲೆ ಹಿಡಿದು ನಡುಗುತ್ತದೆ, ಇಲ್ಲವೇ ಗಾಜಿನುದ್ದಕ್ಕೂ ಮೇಲೆ ಕೆಳಗೆ ಹುಚ್ಚು ಹಿಡಿದಂತೆ ಓಡುತ್ತದೆ. ಎರಡು ಗೇಣು ದೂರದಲ್ಲಿ ಒಂದು ಬಿಲ ಇದೆ ಎಂದು ಗೊತ್ತಿದ್ದರೆ ಮಾತ್ರ ಅದಕ್ಕೆ ಬಯಲಿಗೆ ಬರುವ ಧೈರ್ಯ.

ಬಿಲಕ್ಕೆ ದುಡ್ಡು ಸುರಿಯಬೇಕಿಲ್ಲ. ಅಕ್ಕನ ಅಡುಗೆಮನೆಯಿಂದ ಎರಡು ತೆಂಗಿನ ಚಿಪ್ಪು ಬಂತು. ನಾರು ಕೆರೆದು, ಕುದಿಸಿ, ಅಂಚಿನಲ್ಲಿ ಬಾಗಿಲಿನಷ್ಟು ಒಡೆದು, ಚೂಪಾದ ಕಡೆ ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿ ಕವುಚಿಟ್ಟೆ. ಪ್ಲಂಬರ್ ಬಿಟ್ಟುಹೋದ ಪಿವಿಸಿ ಪೈಪಿನ ಮೂರು ತುಂಡು ಬಾಲ್ಕನಿಯಲ್ಲಿತ್ತು. ತುಂಡಿನ ಬಾಯಿ ಹೆಬ್ಬೆರಳಿನಷ್ಟಿರಲಿ. ಲೋಚ್‌ಗೆ ವಿಶಾಲವಾದ ಬಂಗಲೆ ಬೇಡ, ಮೈಗೆ ಒತ್ತುವ ಸಂದಿ ಬೇಕು. ಎರಡೂ ಕಡೆ ತೆರೆದಿರಬೇಕು, ಒಂದೇ ಬಾಗಿಲಿನ ಬಿಲಕ್ಕೆ ದೊಡ್ಡ ಮೀನು ಬಂದು ಕೂತರೆ ಸಣ್ಣದು ಒಳಗೇ ಸಿಕ್ಕಿಕೊಳ್ಳುತ್ತದೆ. ಒಣಗಿದ ಕಾಡುಬಾದಾಮಿ ಎಲೆ ಎರಡು ಹಾಕಿದರೆ ನೀರು ಚಹಾದ ಬಣ್ಣಕ್ಕೆ ತಿರುಗಿ ಬೆಳಕಿನ ಚೂಪು ಕಡಿಮೆಯಾಗುತ್ತದೆ. ಬೆಂಗಳೂರಿನ ರಸ್ತೆ ಬದಿಯಲ್ಲಿ ಆ ಮರಕ್ಕೇನೂ ಬರವಿಲ್ಲ, ಎಲೆ ತೊಳೆದು ಹಾಕಬೇಕು ಅಷ್ಟೆ.

ಮಾರ್ಬಲ್ ಚೂರು ನನಗೆ ಹಿಡಿಸಲಿಲ್ಲ. ಅದು ಸುಣ್ಣದ ಕಲ್ಲು. ನೀರನ್ನು ದಿನೇ ದಿನೇ ಗಡಸು ಮಾಡುತ್ತದೆ. ಜೊತೆಗೆ ಚೂಪು. ಲೋಚ್ ತನ್ನ ಮೀಸೆಯಿಂದಲೇ ಲೋಕವನ್ನು ತಿಳಿಯುವುದು; ನೆಲ ಚೂಪಾಗಿದ್ದರೆ ಆ ಮೀಸೆ ಸವೆಯುತ್ತದೆ, ಹುಣ್ಣಾಗುತ್ತದೆ. ನುಣ್ಣನೆಯ ಮರಳು ಬೇಕು. ಆದರೆ ಅವತ್ತು ಅದನ್ನು ಮುಟ್ಟಲಿಲ್ಲ. ಹೊಸ ಮೀನು ಬಂದ ವಾರದಲ್ಲಿ ತಳ ಕೆದಕುವುದೆಂದರೆ ಬಾಡಿಗೆಗೆ ಬಂದವರು ಸಾಮಾನು ಇಳಿಸುತ್ತಿರುವಾಗ ನೆಲ ಅಗೆದ ಹಾಗೆ. ತಿಂಗಳು ಬಿಟ್ಟು, ಸ್ವಲ್ಪ ಸ್ವಲ್ಪವಾಗಿ ಬದಲಿಸು ಎಂದೆ. ಮೊಸಳೆ ಮಾತ್ರ ಅವತ್ತೇ ಹೊರಬಿತ್ತು. ಟ್ಯಾಂಕಿನ ಮೂರು ಬದಿಗೆ ಹಳೆಯ ದಿನಪತ್ರಿಕೆ ಅಂಟಿಸಿದೆವು. ಮೂರು ದಿನ ಲೈಟಿಲ್ಲ ಎಂದು ತೀರ್ಮಾನವಾಯಿತು.

ಅವಳು ಸರಿ ಮಾಡಿದ್ದೂ ಇತ್ತು. ಟ್ಯಾಂಕು ಎರಡು ತಿಂಗಳ ಹಳೆಯದು. ಇದು ದೊಡ್ಡ ಮಾತು. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಊಟದಿಂದ ಅಮೋನಿಯ ಬರುತ್ತದೆ, ಅದು ವಿಷ. ಫಿಲ್ಟರಿನ ಸ್ಪಾಂಜಿನಲ್ಲಿ, ಮರಳಿನಲ್ಲಿ ಬೆಳೆಯುವ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷ, ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೇಟ್ ಮಾಡಿದ ಮೇಲೆ ಮೀನು ಬದುಕುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಅದೂ ಹಿಡಿತದಲ್ಲಿರುತ್ತದೆ. ಈ ಸೈನ್ಯ ಕಟ್ಟಿಕೊಳ್ಳುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಹೊಸ ಟ್ಯಾಂಕಿನ ತಿಳಿನೀರು ಕಣ್ಣಿಗೆ ಚೆಂದ, ಮೀನಿಗಲ್ಲ. ಲೋಚ್ ಹೊಸ ಟ್ಯಾಂಕಿನ ಮೊದಲ ಮೀನಾಗಬಾರದು, ಕೊನೆಯದಾಗಬೇಕು.

ನಲ್ಲಿಯ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಬಕೆಟ್‌ನಲ್ಲಿ ಹಿಡಿದು ಒಂದು ದಿನ ಗಾಳಿಯಾಡಲು ಬಿಟ್ಟರೆ ಅದು ಹೋಗುತ್ತದೆ, ಅವಸರವಿದ್ದರೆ ಅಂಗಡಿಯ ಆ್ಯಂಟಿ ಕ್ಲೋರಿನ್ ನಾಲ್ಕು ಹನಿ. ಬೋರ್‌ವೆಲ್ ನೀರಾದರೆ ಕ್ಲೋರಿನ್ ಚಿಂತೆಯಿಲ್ಲ, ಗಡಸುತನದ ಚಿಂತೆ. ಗಂಗಾ ಸ್ನಾನ, ತುಂಗಾ ಪಾನ ಎನ್ನುತ್ತೇವಲ್ಲ, ಆ ಮೆದು ನೀರಿನಲ್ಲಿ ಬಾಳಿದ ಕುಲ ಇದು. ನಿಜ ಹೇಳಬೇಕೆಂದರೆ ಮೀನು ತುಂಗಾಪಾನ ಮಾಡುವುದಿಲ್ಲ. ಸಿಹಿನೀರಿನ ಮೀನು ನೀರು ಕುಡಿಯುವುದೇ ಇಲ್ಲ ಎನ್ನುವಷ್ಟು ಕಡಿಮೆ. ಕಿವಿರಿನಿಂದ, ಚರ್ಮದಿಂದ ನೀರು ತಾನಾಗಿಯೇ ಒಳಗೆ ಇಳಿಯುತ್ತದೆ, ಮೂತ್ರಪಿಂಡ ಹಗಲಿರುಳೂ ಅದನ್ನು ಹೊರಹಾಕುತ್ತಿರಬೇಕು. ಹಾಗಾಗಿ ನೀರಿನ ಗುಣ ದಿಢೀರ್ ಬದಲಾದರೆ ಅದರ ಮೈಯೊಳಗಿನ ಲೆಕ್ಕವೇ ತಪ್ಪುತ್ತದೆ. ನಿಧಾನವಾಗಿ ಬದಲಾದರೆ ಬೋರ್‌ವೆಲ್ಲಿಗೂ ಒಗ್ಗಿಕೊಳ್ಳುತ್ತದೆ.

ಪೊಟ್ಟಣದಿಂದ ಟ್ಯಾಂಕಿಗೆ ದಾಟಿಸುವ ಗಂಟೆಯಲ್ಲಿ ಹೆಚ್ಚು ಜನ ಎಡವುತ್ತಾರೆ. ಅಂಗಡಿಯವರು ಆಕ್ಸಿಜನ್ ತುಂಬಿ, ರಬ್ಬರ್ ಬ್ಯಾಂಡ್ ಬಿಗಿದು ಕೊಡುತ್ತಾರೆ. ದಾರಿಯಲ್ಲಿ ಮೀನು ಉಸಿರಾಡಿ ಇಂಗಾಲದ ಡೈ ಆಕ್ಸೈಡ್ ಒಳಗೇ ಕೂಡಿಕೊಳ್ಳುತ್ತದೆ, ನೀರು ಹುಳಿಯ ಕಡೆ ತಿರುಗುತ್ತದೆ. ಹುಳಿ ನೀರಿನಲ್ಲಿ ಅಮೋನಿಯ ಅಷ್ಟಾಗಿ ಹಾನಿ ಮಾಡದ ಅಮೋನಿಯಂ ರೂಪದಲ್ಲಿರುತ್ತದೆ. ಪೊಟ್ಟಣದ ಬಾಯಿ ಬಿಚ್ಚಿದಿರೋ, ಆ ಅನಿಲ ಹಾರಿಹೋಗುತ್ತದೆ, ಹುಳಿ ಇಳಿಯುತ್ತದೆ, ಅದೇ ಅಮೋನಿಯ ಈಗ ವಿಷದ ರೂಪ ತಾಳುತ್ತದೆ. ಅರ್ಧ ದಿನಕ್ಕಿಂತ ಹೆಚ್ಚು ಕಾಲ ಪೊಟ್ಟಣದಲ್ಲಿದ್ದು ಕೊರಿಯರ್‌ನಲ್ಲಿ ಬಂದ ಮೀನನ್ನು ಬಾಯಿ ಬಿಚ್ಚಿ ಎರಡು ಗಂಟೆ ತೇಲಿಸುವುದು ಅದಕ್ಕೇ ಅಪಾಯ. ಕಟ್ಟಿದ ಪೊಟ್ಟಣವನ್ನು ಇಪ್ಪತ್ತು ನಿಮಿಷ ತೇಲಿಸಿ ಬಿಸಿ ಸಮ ಮಾಡಿ, ಬಿಚ್ಚಿದ ಮೇಲೆ ಕಾಲಹರಣ ಮಾಡದೆ ದಾಟಿಸಿಬಿಡಬೇಕು. ಹತ್ತಿರದ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದದ್ದಾದರೆ ಅಂಥ ಹೆದರಿಕೆಯಿಲ್ಲ, ಲೋಟ ಲೋಟವಾಗಿ ಟ್ಯಾಂಕಿನ ನೀರು ಸೇರಿಸುತ್ತ ಮುಕ್ಕಾಲು ಗಂಟೆ ತೆಗೆದುಕೊಳ್ಳಬಹುದು. ಎರಡರಲ್ಲಿ ಯಾವುದೇ ಆದರೂ, ಪೊಟ್ಟಣದ ನೀರು ಮಾತ್ರ ಟ್ಯಾಂಕಿಗೆ ಬೀಳಬಾರದು.

ಇನ್ನು ಬಲೆ. ಬೋಟಿಯಾ ಬಳಗದ ಮೀನುಗಳಿಗೆ ಕಣ್ಣಿನ ಕೆಳಗೆ, ಚರ್ಮದ ಮಡಿಕೆಯಲ್ಲಿ, ಇಬ್ಬಾಯಿಯ ಮುಳ್ಳೊಂದಿದೆ. ಹೆದರಿದಾಗ ಅದು ಮಡಚು ಚೂರಿಯ ಹಾಗೆ ಹೊರಗೆ ಬಿಚ್ಚಿಕೊಳ್ಳುತ್ತದೆ. ಬಲೆಯ ನೂಲಿಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಮೀನಿನ ಮುಖ ಹರಿಯುತ್ತದೆ, ಕೆಲವೊಮ್ಮೆ ನಮ್ಮ ಬೆರಳೂ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತುವುದೇ ಸರಿ.

ಇದೆಲ್ಲ ನನಗೆ ಪುಸ್ತಕದಿಂದ ಬಂದದ್ದಲ್ಲ. ಸುಮಾರು ಹದಿನೈದು ವರ್ಷದ ಹಿಂದೆ ನಾನು ತಂದದ್ದು ಒಂದೇ ಒಂದು ಕ್ಲೌನ್ ಲೋಚ್. ಸುಮಾತ್ರಾ, ಬೋರ್ನಿಯೊ ದ್ವೀಪಗಳ ಹೊಳೆಗಳ ಮೀನು. ಕಿತ್ತಳೆ ಮೈಗೆ ಮೂರು ಕಪ್ಪು ಪಟ್ಟಿ. ಅಂಗಡಿಯಲ್ಲಿ ಎರಡು ಇಂಚಿದ್ದಾಗ ಮಾರುವ ಅದು ಒಂದಡಿ ಬೆಳೆಯುತ್ತದೆ, ಇಪ್ಪತ್ತು ವರ್ಷ ದಾಟಿ ಬದುಕುತ್ತದೆ, ಆರಡಿ ಟ್ಯಾಂಕು ಬೇಡುತ್ತದೆ ಎಂದು ನನಗೂ ಗೊತ್ತಿರಲಿಲ್ಲ, ಮಾರಿದವನೂ ಹೇಳಲಿಲ್ಲ. ಎರಡಡಿ ಟ್ಯಾಂಕು, ನೀರು ತುಂಬಿ ನಾಲ್ಕೇ ದಿನ. ಬಲೆಯಲ್ಲಿ ಎತ್ತಿದೆ. ಮೂರನೇ ದಿನ ರೆಕ್ಕೆಯ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ, ಐದನೇ ದಿನ ಮೈತುಂಬ. ಕಲ್ಲಿಗೆ ಮೈ ಉಜ್ಜುತ್ತಿತ್ತು. ಅಂಗಡಿಗೆ ಓಡಿದೆ. ನೀಲಿ ಔಷಧಿಯ ಬಾಟಲಿ ಕೊಟ್ಟು, ಜೊತೆಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ಎಂದರು. ಬೇಗ ವಾಸಿಯಾಗಲಿ ಎಂದು ಅವರು ಹೇಳಿದ್ದರ ದುಪ್ಪಟ್ಟು ಹಾಕಿದೆ. ಬೆಳಿಗ್ಗೆ ಮೀನು ಪಕ್ಕಕ್ಕೆ ಮಲಗಿತ್ತು. ಆ ಸಲ ಕಿವಿರು ಮಿಸುಕಲಿಲ್ಲ.

ಆ ಬಿಳಿ ಚುಕ್ಕೆ ಒಂದು ಏಕಕೋಶ ಜೀವಿ. ಮೀನು ಸಾಕುವವರು ಇಕ್ ಎಂದೇ ಕರೆಯುತ್ತಾರೆ. ಸಾಗಣೆಯಲ್ಲಿ ಬಸವಳಿದ ಮೀನಿಗೆ ಬೇಗ ಹತ್ತುತ್ತದೆ, ಅದರಲ್ಲೂ ಲೋಚ್‌ಗೆ ಎಲ್ಲಕ್ಕಿಂತ ಮೊದಲು. ನಮಗೆ ಕಾಣುವ ಚುಕ್ಕೆಯೊಳಗೆ ಅದು ಮೀನಿನ ಚರ್ಮದಡಿ ಸುಖವಾಗಿ ಕೂತಿರುತ್ತದೆ, ಯಾವ ಔಷಧಿಯೂ ಅಲ್ಲಿಗೆ ತಲುಪುವುದಿಲ್ಲ. ಬಲಿತ ಮೇಲೆ ಕಳಚಿ ತಳಕ್ಕೆ ಬಿದ್ದು, ಗೂಡು ಕಟ್ಟಿ, ಒಡೆದು ನೂರಾರು ಮರಿಯಾಗುತ್ತದೆ. ಆ ಮರಿಗಳು ಮೀನು ಹುಡುಕಿಕೊಂಡು ಈಜುವ ಒಂದೆರಡು ದಿನ ಮಾತ್ರ ಔಷಧಿ ಅವನ್ನು ಕೊಲ್ಲುತ್ತದೆ. ಅಂದರೆ ಚುಕ್ಕೆ ಮಾಯವಾಯಿತೆಂದು ಔಷಧಿ ನಿಲ್ಲಿಸುವುದು ಕಳ್ಳ ಮನೆಯಿಂದ ಹೋಗಿ ನೆಂಟರನ್ನೆಲ್ಲ ಕರೆದುಕೊಂಡು ಬರಲಿ ಎಂದು ಬಾಗಿಲು ತೆರೆದಿಟ್ಟ ಹಾಗೆ. ಬೆಚ್ಚಗಿನ ನೀರಿನಲ್ಲಿ ಈ ಚಕ್ರ ಬೇಗ ಸುತ್ತುತ್ತದೆ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ವಾರದೊಳಗೆ. ತಣ್ಣಗಿದ್ದರೆ ವಾರಗಟ್ಟಲೆ ಎಳೆಯುತ್ತದೆ. ಹೀಟರ್ ಇಟ್ಟು ದಿನಕ್ಕೆ ಒಂದೆರಡು ಡಿಗ್ರಿಯಂತೆ ನಿಧಾನವಾಗಿ ಏರಿಸಿ, ಚಕ್ರವನ್ನು ಚುರುಕು ಮಾಡಿ, ಹೊರಬಂದ ಮರಿಗಳನ್ನು ಹೊಡೆಯುವುದು ಉಪಾಯ. ಬಿಸಿ ಏರಿದಂತೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ, ಏರ್ ಪಂಪ್ ಜೋರಾಗಿ ಓಡುತ್ತಿರಬೇಕು.

ಔಷಧಿಯ ಪ್ರಮಾಣದಲ್ಲಿ ನಾನು ಎಡವಿದ್ದೆ. ಲೋಚ್‌ಗೆ ಹುರುಪೆ ಇಲ್ಲ ಎನ್ನುತ್ತಾರೆ. ಇದೆ, ಆದರೆ ಚರ್ಮದೊಳಗೆ ಹುದುಗಿದ, ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆ. ರೋಹು, ಕಾಟ್ಲಾಗಳಿಗಿರುವಂಥ ಕವಚ ಅದಕ್ಕಿಲ್ಲ. ತಾಮ್ರ, ಮ್ಯಾಲಕೈಟ್ ಗ್ರೀನ್, ಉಪ್ಪು, ಎಲ್ಲವೂ ಬೇರೆ ಮೀನಿಗಿಂತ ಬೇಗ ಅದರ ಮೈಗೆ ನಾಟುತ್ತದೆ. ಬಾಟಲಿಯ ಮೇಲೆ ಬರೆದ ಪ್ರಮಾಣದ ಅರ್ಧದಿಂದ ಶುರು ಮಾಡಿ, ಮೀನಿನ ಉಸಿರಾಟ ನೋಡುತ್ತ ಮುಂದುವರಿಯಬೇಕು. ಮೆಥಿಲೀನ್ ಬ್ಲೂ ಎಂಬ ನೀಲಿ ನೀರನ್ನು ನಮ್ಮ ಅಂಗಡಿಗಳಲ್ಲಿ ಸಕಲ ರೋಗಕ್ಕೂ ಕೊಡುತ್ತಾರೆ, ಹಿಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಂಪು ಮಿಕ್ಸ್ಚರ್ ಕೊಡುತ್ತಿದ್ದ ಹಾಗೆ. ಅದು ಫಿಲ್ಟರಿನ ಬ್ಯಾಕ್ಟೀರಿಯವನ್ನೂ ಕೊಲ್ಲುತ್ತದೆ. ರೋಗ ಹೋಗಿ ಅಮೋನಿಯ ಬರುತ್ತದೆ.

ಇಷ್ಟೆಲ್ಲ ರಗಳೆ ತಪ್ಪಿಸಲು ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೆ ಸಣ್ಣ ಟ್ಯಾಂಕಿನಲ್ಲಿ ಇಡುವುದು ಕ್ರಮ. ಒಂದು ಪ್ಲಾಸ್ಟಿಕ್ ಟಬ್, ಹಳೆಯ ಟ್ಯಾಂಕಿನಲ್ಲಿ ಪಳಗಿದ ಸ್ಪಾಂಜ್ ಫಿಲ್ಟರ್, ಎರಡು ಪೈಪಿನ ತುಂಡು, ಮುಚ್ಚಳ ಇಷ್ಟಿದ್ದರೆ ಸಾಕು. ನಮ್ಮ ಹುಡುಗಿ ನೇರ ಟ್ಯಾಂಕಿಗೇ ಬಿಟ್ಟಿದ್ದಳು. ಈಗ ಹಿಡಿದು ಬೇರೆ ಮಾಡುವುದು ಬಿಟ್ಟಿದ್ದಕ್ಕಿಂತ ದೊಡ್ಡ ತಪ್ಪು. ದಿನಾ ಡೇನಿಯೊಗಳ ರೆಕ್ಕೆ ನೋಡುತ್ತಿರು, ಲೋಚ್ ಕಾಣದಿದ್ದರೂ ಅವು ಸುಳಿವು ಕೊಡುತ್ತವೆ ಎಂದೆ.

ಡೇನಿಯೊಗಳಿಂದ ಇನ್ನೊಂದು ಉಪಯೋಗವೂ ಇದೆ. ಮೇಲ್ಗಡೆ ಗುಂಪು ಕಟ್ಟಿಕೊಂಡು ನಿರಾಳವಾಗಿ ಓಡಾಡುವ ಮೀನು ಇದ್ದರೆ ಕೆಳಗಿನ ಅಂಜುಬುರುಕರಿಗೆ ಅದೇ ಸಂದೇಶ: ಹಕ್ಕಿ ಇಲ್ಲ, ಬರಬಹುದು. ಇದರ ಜೊತೆಗೆ ತಮ್ಮದೇ ಬಳಗ ಬೇಕು. ಲೋಚ್‌ಗಳೊಳಗೆ ಹಿರಿದು ಕಿರಿದಿನ ಲೆಕ್ಕ ಕಟ್ಟುನಿಟ್ಟು. ಐದಾರು ಇದ್ದರೆ ಜಗಳ ಹಂಚಿಹೋಗುತ್ತದೆ. ಎರಡೇ ಇದ್ದರೆ ಒಂದು ಇನ್ನೊಂದನ್ನು ಹಗಲಿರುಳು ಕಾಡುತ್ತದೆ. ಒಂದೇ ಇದ್ದರೆ ಮಂಕಾಗಿ ಸಾಯುತ್ತದೆ, ಇಲ್ಲವೇ ಬೇರೆ ಮೀನಿನ ಮೇಲೆ ತಿರುಗಿ ಬೀಳುತ್ತದೆ. ಒಂದೊಂದೇ ಕೊಂಡು ನೋಡೋಣ ಎಂಬ ಜಾಣತನ ಇಲ್ಲಿ ನಡೆಯದು.

ಊಟ. ಮೊದಲ ದಿನ ಬೇಡವೇ ಬೇಡ. ಆಮೇಲೂ ಲೈಟ್ ಆರಿಸಿ ಅರ್ಧ ಗಂಟೆ ಬಿಟ್ಟು, ತಳಕ್ಕೆ ಮುಳುಗುವ ಗುಳಿಗೆ ನಾಲ್ಕು. ಮೇಲೆ ತೇಲುವ ಪುಡಿ ಹಾಕಿದರೆ ಡೇನಿಯೊ ಮುಗಿಸುತ್ತವೆ, ಲೋಚ್ ಉಪವಾಸ. ಅಭ್ಯಾಸವಾಗುವ ತನಕ ಫ್ರೀಜ್ ಮಾಡಿದ ಬ್ಲಡ್‌ವರ್ಮ್‌ಗಿಂತ ರುಚಿಯಾದ ಆಸೆ ತೋರಿಸುವುದು ಕಷ್ಟ. ಟ್ಯಾಂಕಿನಲ್ಲಿ ಸಣ್ಣ ಬಸವನಹುಳು ತುಂಬಿದ್ದರೆ ಅದೇ ಹಬ್ಬ. ಚಿಪ್ಪಿನೊಳಗೆ ಮೂತಿ ತೂರಿ ಎಳೆದು ತಿನ್ನುತ್ತದೆ. ಬಸವನಹುಳು ಕಾಟಕ್ಕೆ ಲೋಚ್ ತರುವವರಿದ್ದಾರೆ. ಇಲಿ ಕಾಟಕ್ಕೆ ಬೆಕ್ಕು ತಂದ ಹಾಗೆ, ಇಲಿ ಮುಗಿದ ಮೇಲೂ ಬೆಕ್ಕಿಗೆ ಹಾಲು ಹಾಕಬೇಕಾಗುತ್ತದೆ ಎಂಬುದು ನೆನಪಿರಲಿ. ಚೆನ್ನಾಗಿ ತಿಂದರೂ ಬೆನ್ನು ಕತ್ತಿಯ ಅಂಚಿನಂತೆ ಸಣ್ಣಗಾಗುತ್ತ ಹೋದರೆ ಹೊಟ್ಟೆಯಲ್ಲಿ ಹುಳು ಇದೆಯೆಂದು ಸಂಶಯಪಡಬೇಕು. ಅದಕ್ಕೆ ಲೆವಾಮಿಸೋಲ್‌ನಂಥ ಜಂತುನಾಶಕ ಇದೆ, ಪಶುವೈದ್ಯರನ್ನು ಕೇಳದೆ ಅಂದಾಜಿನಲ್ಲಿ ಹಾಕುವುದು ಬೇಡ.

ಮುಚ್ಚಳ ಇರಲಿ, ಹಾರುತ್ತದೆ. ಪವರ್ ಫಿಲ್ಟರಿನ ಬಾಯಿಗೆ ಸ್ಪಾಂಜ್ ಸಿಕ್ಕಿಸಿ, ಇಲ್ಲದಿದ್ದರೆ ಮೀನು ಒಳಗೆ ನುಗ್ಗುತ್ತದೆ. ಕರೆಂಟ್ ಹೋಗುವ ಏರಿಯಾ ಆದರೆ ಬ್ಯಾಟರಿ ಪಂಪ್ ಒಂದು ಇಟ್ಟುಕೊಳ್ಳಿ.

ಹೇಳದೇ ಬಿಟ್ಟರೆ ಸರಿಯಾಗದ ಮಾತೊಂದಿದೆ. ತುಂಗೆಯ ಈ ಮೀನು ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಕರ್ನಾಟಕ, ಮಹಾರಾಷ್ಟ್ರದ ಘಟ್ಟದಿಂದ ಇಳಿದು ಕೃಷ್ಣೆ ಸೇರುವ ಹೊಳೆಗಳೇ ಅದರ ಮನೆ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಮೀನು. 2005ರಿಂದ 2012ರ ನಡುವೆ ಭಾರತದಿಂದ ಅಕ್ವೇರಿಯಂಗಾಗಿ ಹೊರದೇಶಕ್ಕೆ ಹೋದ, ಅಪಾಯದಲ್ಲಿರುವ 30 ಜಾತಿಯ ಸಿಹಿನೀರಿನ ಮೀನುಗಳು 15 ಲಕ್ಷಕ್ಕೂ ಹೆಚ್ಚು ಎಂದು ಸಂಶೋಧಕರು 2013ರಲ್ಲಿ ಲೆಕ್ಕ ಕೊಟ್ಟರು. ಅದರಲ್ಲಿ ದೊಡ್ಡ ಪಾಲಿನ ಕೆಲವೇ ಜಾತಿಗಳಲ್ಲಿ ಇದೂ ಒಂದು. ಮನೆಯ ಟ್ಯಾಂಕಿನಲ್ಲಿ ಇದು ಮರಿ ಮಾಡುವುದು ಅಪರೂಪ. ಹಾಗಾದರೆ ಕೊಳ್ಳಬಹುದೇ? ಮರಿ ಮಾಡಿಸಿದ್ದು ಎಂದು ಗೊತ್ತಿರುವ ಕಡೆ ಮಾತ್ರ ಕೊಳ್ಳಿ ಎನ್ನುವುದು ನನ್ನ ಅಭಿಪ್ರಾಯ. ಕೇಳಿದರೆ ಅಂಗಡಿಯವರು ನಗುತ್ತಾರೆ, ನಗಲಿ, ನಾಲ್ಕು ಜನ ಕೇಳಿದರೆ ಐದನೆಯವನಿಗೆ ಉತ್ತರ ಸಿಗುತ್ತದೆ. ಅಕ್ಕನ ಮಗಳು ಕೇಳಿರಲಿಲ್ಲ. “ಹಾಗಾದ್ರೆ ಊರಿಗೆ ಹೋದಾಗ ಹೊಳೆಗೇ ಬಿಟ್ಟು ಬರ್ಲಾ?” ಎಂದಳು. ಅದು ಇನ್ನೂ ಕೆಟ್ಟದ್ದು. ಸುಮಾತ್ರಾದ ಮೀನಿನ ಪಕ್ಕದ ಟ್ಯಾಂಕಿನಲ್ಲಿದ್ದು ಬಂದ ಮೀನು ಯಾವ ರೋಗ ಹೊತ್ತಿದೆಯೋ, ಹೊಳೆಯಲ್ಲಿ ಉಳಿದಿರುವ ನಾಲ್ಕಕ್ಕೂ ಅದು ಹತ್ತಿದರೆ? ತಂದಾಗಿದೆ, ಇನ್ನು ಅವುಗಳ ಆಯುಸ್ಸು ಮುಗಿಯುವ ತನಕ ಚೆನ್ನಾಗಿ ನೋಡಿಕೋ ಎಂದೆ.

ಮೂರನೇ ದಿನ ಫೋಟೊ ಬಂತು: ಪೈಪಿನ ಬಾಯಲ್ಲಿ ಎರಡು ಮೀಸೆ. ಐದನೇ ದಿನ ರಾತ್ರಿ ಗುಳಿಗೆ ಮಾಯವಾಗಿತ್ತಂತೆ, ತಿಂದವರು ಯಾರು ಎಂದು ಗೊತ್ತಿಲ್ಲ. ಏಳನೇ ದಿನ ಲೈಟ್ ಹಾಕಿದಾಗ ಚಿಪ್ಪಿನ ಮುಂದೆ ನಾಲ್ಕು ಇದ್ದವು, ಓಡಿದವು, ಆದರೆ ಅರ್ಧ ನಿಮಿಷದಲ್ಲಿ ಒಂದು ವಾಪಸ್ ಬಂತು. ಪಟ್ಟೆ ಕಪ್ಪಾಗಿತ್ತು.

ಹತ್ತನೇ ದಿನ ರಾತ್ರಿ ಹನ್ನೊಂದರ ಮೇಲೆ ಅಕ್ಕನದೇ ಫೋನು. ಹಾಲಿನ ದೀಪ ಆರಿಸಿ ಮಲಗಲು ಹೊರಟಿದ್ದಳಂತೆ. ಕತ್ತಲಲ್ಲಿ ಲೊಚ್, ಲೊಚ್ ಎಂದು ಕೇಳಿತು. ಅಭ್ಯಾಸದಂತೆ ಟೀಪಾಯಿಗೆ ಬೆರಳು ಬಡಿದು ಕೃಷ್ಣ ಕೃಷ್ಣ ಎಂದಳು. ಮತ್ತೆ ಲೊಚ್. ಹಲ್ಲಿ ಎಲ್ಲಿದೆ ಎಂದು ಗೋಡೆಯೆಲ್ಲ ಹುಡುಕಿದ್ದಾಳೆ, ಇಲ್ಲ. ಮಗಳು ಎದ್ದು ಬಂದು ಟ್ಯಾಂಕಿಗೆ ಕಿವಿಯಿಟ್ಟರೆ ಸದ್ದು ಅಲ್ಲಿಂದ. ಒಂದು ಬ್ಲಡ್‌ವರ್ಮ್ ತುಂಡಿಗೆ ಎರಡು ಲೋಚ್ ತಲೆಗೆ ತಲೆ ಕೊಟ್ಟು ನೂಕಾಡುತ್ತಿದ್ದವಂತೆ.

ಹೌದು, ಸದ್ದು ಮಾಡುತ್ತವೆ ಎಂದೆ. ಊಟ ಸಿಕ್ಕಾಗ, ಜಗಳವಾಡುವಾಗ ಹೀಗೆ ಟಿಕ್ಕೆನ್ನುವುದು ಬೋಟಿಯಾ ಬಳಗದ ಗುಣ. ಗಾಜಿನಾಚೆಗೂ ಕೇಳುತ್ತದೆ.

“ಅದಿರ್ಲಿ ಮಾರಾಯ” ಎಂದಳು ಅಕ್ಕ. “ಪಂಚಾಂಗ ತೆಗೆದು ನೋಡ್ದೆ. ಹಲ್ಲಿ ಲೊಚಗುಟ್ಟಿದ್ರೆ ಯಾವ ದಿಕ್ಕಿಗೆ ಎಂತ ಫಲ ಅಂತ ಉಂಟು. ಮೀನಿಂದು ಎಂತದೂ ಬರ್ದಿಲ್ಲ.”